ಉಗುಳು ಬೇರೆ, ಕಫ ಬೇರೆ

ನಮ್ಮ ಆಸ್ಪತ್ರೆಯ ಹಿಂಬದಿಯಲ್ಲಿ, ಬಾವಿಕಟ್ಟೆಗೂ ಕಾಂಪೌಂಡ್ ಗೋಡೆಗೂ ನಡುವೆ, ಎರಡು ತೆಂಗಿನ ಮರಗಳಿರುವ ಸಣ್ಣ ಬಯಲೊಂದಿದೆ. ಉತ್ತರ ಕನ್ನಡದ ಕರಾವಳಿಯ ಈ ತಾಲೂಕು ಕೇಂದ್ರಕ್ಕೆ ನಾನು ಲ್ಯಾಬ್ ಟೆಕ್ನಿಶಿಯನ್ ಆಗಿ ಬಂದು ಇಪ್ಪತ್ತೆರಡು ವರ್ಷಗಳಾದವು. ಈ ಅವಧಿಯಲ್ಲಿ ಎಕ್ಸ್‌ರೇ ಯಂತ್ರ ಎರಡು ಸಲ ಬದಲಾಯಿತು, ಲ್ಯಾಬಿನ ಮಾಡಿನ ಹಂಚು ಹೋಗಿ ಸ್ಲ್ಯಾಬ್ ಬಂತು, ರಿಜಿಸ್ಟರಿನ ಪಕ್ಕದಲ್ಲಿ ಕಂಪ್ಯೂಟರ್ ಕುಳಿತಿತು. ಆ ಬಯಲು ಮಾತ್ರ ಹಾಗೆಯೇ ಇದೆ. ಕಫ ಪರೀಕ್ಷೆಗೆ ಬಂದವರನ್ನು ನಾವು ಕೆಮ್ಮಲು ಕಳಿಸುವುದು ಅಲ್ಲಿಗೆ. ಮುಚ್ಚಿದ ಕೋಣೆಯಲ್ಲಿ ಕೆಮ್ಮಿಸಿದರೆ ಕ್ಷಯದ ರೋಗಾಣು ಇರುವ ಸೂಕ್ಷ್ಮ ಹನಿಗಳು ಗಂಟೆಗಟ್ಟಲೆ ಗಾಳಿಯಲ್ಲಿ ತೇಲುತ್ತವೆ; ಬಯಲಿನಲ್ಲಾದರೆ ಗಾಳಿ ಅವನ್ನು ಚದುರಿಸುತ್ತದೆ, ಬಿಸಿಲು ಕೊಲ್ಲುತ್ತದೆ.

ಕಳೆದ ಮಳೆಗಾಲ ಮುಗಿದ ಮೇಲೆ ತದಡಿ ಬಂದರಿನ ಕಡೆಯ ಅಜ್ಜ ಒಬ್ಬರು ಬಂದಿದ್ದರು. ಸಮುದ್ರಕ್ಕೆ ಹೋಗುವುದನ್ನು ಬಿಟ್ಟು ವರ್ಷಗಳಾಗಿದ್ದರೂ ದಿನವಿಡೀ ಬಲೆ ಸರಿಮಾಡುತ್ತ ಕೂರುವವರು. ಐದು ವಾರದ ಕೆಮ್ಮು, ಸಂಜೆಯಾದರೆ ಸಣ್ಣ ಜ್ವರ, ಲುಂಗಿಯ ಗಂಟು ಎರಡು ಸುತ್ತು ಒಳಕ್ಕೆ ಬಂದಿತ್ತು. ಡಬ್ಬಿ ಕೊಟ್ಟು ಕಳಿಸಿದೆ. ಅರೆ ನಿಮಿಷದಲ್ಲಿ ತಿರುಗಿ ಬಂದು ಅದನ್ನು ಮೇಜಿನ ಮೇಲಿಟ್ಟರು. ಒಳಗೆ ತಿಳಿಯಾದ, ನೊರೆನೊರೆಯಾದ ಜೊಲ್ಲು.

“ಅಜ್ಜಾ, ಇದು ಉಗುಳು. ನಂಗೆ ಬೇಕಾದ್ದು ಕಫ” ಎಂದೆ.

“ಎರಡೂ ಬಾಯಿಂದ್ಲೇ ಬರ್ತದಲ್ಲ ತಂಗಿ” ಎಂದರು.

ಅವರ ಮಾತಿನಲ್ಲಿ ತಪ್ಪೇನಿಲ್ಲ. ಆದರೆ ಒಂದು ಬರುವುದು ಬಾಯಿಯಿಂದ, ಇನ್ನೊಂದು ಬಾಯಿಯ ಮೂಲಕ. ಉಗುಳು ಹುಟ್ಟುವುದು ಬಾಯಿಯ ಗ್ರಂಥಿಗಳಲ್ಲಿ. ಅದರಲ್ಲಿ ಬಾಯಿಯೊಳಗೆ ಸದಾ ವಾಸಿಸುವ ಬ್ಯಾಕ್ಟೀರಿಯಾಗಳ ಸಂತೆಯೇ ಇರುತ್ತದೆ ಹೊರತು ಶ್ವಾಸಕೋಶದ ಸುದ್ದಿ ಇರುವುದಿಲ್ಲ. ಕಫ ಹುಟ್ಟುವುದು ಎದೆಯೊಳಗಿನ ಶ್ವಾಸನಾಳಗಳಲ್ಲಿ. ಅಲ್ಲಿ ಸೋಂಕಾದಾಗ ಲೋಳೆಯ ಜೊತೆ ಕೀವಿನ ಕಣಗಳೂ ರೋಗಾಣುಗಳೂ ಸೇರಿ ಅದು ದಪ್ಪಗಾಗುತ್ತದೆ, ಹಳದಿಗೋ ಹಸಿರಿಗೋ ತಿರುಗುತ್ತದೆ. ರಾತ್ರಿಯಿಡೀ ಮಲಗಿದಾಗ ಅದು ಒಳಗೇ ಕೂಡಿಕೊಳ್ಳುವುದರಿಂದ ಬೆಳಿಗ್ಗೆ ಎದ್ದ ಕೂಡಲೇ ಕೆಮ್ಮಿ ತೆಗೆದ ಕಫಕ್ಕೆ ಬೆಲೆ ಹೆಚ್ಚು. ಕ್ಷಯದ ತಪಾಸಣೆಗೆ ಎರಡು ಮಾದರಿ ಕೇಳುವುದೂ, ಅದರಲ್ಲಿ ಒಂದು ಬೆಳಗಿನದ್ದೇ ಆಗಿರಬೇಕೆನ್ನುವುದೂ ಈ ಕಾರಣಕ್ಕೆ. ನಾನು ಕೆಲಸಕ್ಕೆ ಸೇರಿದಾಗ ಮೂರು ಮಾದರಿಗಳ ಪದ್ಧತಿ ಇತ್ತು. ಮೂರನೆಯದಕ್ಕೆ ಬರಬೇಕಾದವರು ಎಷ್ಟೋ ಸಲ ಬರುತ್ತಲೇ ಇರಲಿಲ್ಲ.

ಅಜ್ಜನ ಜೊತೆ ನಾನೂ ಬಯಲಿಗೆ ಹೋದೆ. ಮೊದಲು ಬಾವಿಯ ನೀರಿನಿಂದ ಬಾಯಿ ಮುಕ್ಕಳಿಸಲು ಹೇಳಿದೆ. ಆಮೇಲೆ ಆಳವಾಗಿ ಉಸಿರು ಎಳೆದು, ಎರಡೆಣಿಕೆ ತಡೆದು, ನಿಧಾನ ಬಿಟ್ಟು, ಮತ್ತೆ ಹಾಗೆಯೇ ಮಾಡಿ, ಮೂರನೆಯ ಸಲ ಹೊಟ್ಟೆಯ ಬುಡದಿಂದ ಕೆಮ್ಮಬೇಕು. ಇದನ್ನು ಬಾಯಲ್ಲಿ ಹೇಳಿದರೆ ಯಾರಿಗೂ ತಿಳಿಯುವುದಿಲ್ಲ, ಮಾಡಿಯೇ ತೋರಿಸಬೇಕು. ನಾನು ಉಸಿರೆಳೆದು ತೋರಿಸುವಾಗ ಅವರು ನನ್ನ ತೋಳು ಹಿಡಿದು ಪಕ್ಕಕ್ಕೆ ಸರಿಸಿದರು. “ನೀ ಈ ಬದಿಗೆ ನಿಲ್ಲು ತಂಗಿ. ಬೆಳಿಗ್ಗೆ ಗಾಳಿ ಗುಡ್ಡದ ಕಡೆಯಿಂದ ಬರ್ತದೆ, ಮಧ್ಯಾಹ್ನ ಆದ್ಮೇಲೆ ಸಮುದ್ರದ ಕಡೆಯಿಂದ.” ಕೆಮ್ಮುವವರ ಬೆನ್ನ ಹಿಂದಿನಿಂದ ಗಾಳಿ ಬೀಸುವಂತೆ ನಿಲ್ಲಿಸಿ, ನೀವು ಗಾಳಿ ಬರುವ ಬದಿಗೆ ನಿಲ್ಲಿ ಎಂದು ನಮಗೆ ತರಬೇತಿಯಲ್ಲಿ ಹೇಳಿಕೊಟ್ಟಿದ್ದರು. ನಮ್ಮ ಕರಾವಳಿಯಲ್ಲಿ ಆ ಬದಿ ಹೊತ್ತಿನ ಜೊತೆ ಬದಲಾಗುತ್ತದೆ ಎಂಬುದು ಮಾತ್ರ ಇಷ್ಟು ವರ್ಷ ನನ್ನ ತಲೆಗೆ ಹೊಳೆದಿರಲಿಲ್ಲ. ನಾಲ್ಕನೆಯ ಪ್ರಯತ್ನಕ್ಕೆ ಡಬ್ಬಿಯ ತಳ ಮುಚ್ಚುವಷ್ಟು ದಪ್ಪನೆಯ ಹಳದಿ ಕಫ ಬಿತ್ತು.

ಈ ಹತ್ತು ನಿಮಿಷವನ್ನು ನಾನು ಯಾರಿಗೂ ಬಿಟ್ಟುಕೊಡುವುದಿಲ್ಲ. ಅದಕ್ಕೊಂದು ಹಳೆಯ ಕಾರಣವಿದೆ. ಕೆಲಸಕ್ಕೆ ಸೇರಿದ ಎರಡನೆಯ ವರ್ಷ, ಸಂಜೆ ಬಾಗಿಲು ಹಾಕುವ ಹೊತ್ತಿಗೆ, ಒಣಮೀನು ಮಾರುವ ಹೆಂಗಸೊಬ್ಬರು ಡಬ್ಬಿ ತಂದುಕೊಟ್ಟರು. ಅದರಲ್ಲಿದ್ದದ್ದು ಉಗುಳು ಎಂದು ನನಗೆ ಕಂಡಿತ್ತು. ಅವರಿಗೆ ಕೊನೆಯ ಬಸ್ಸು ಹಿಡಿಯಬೇಕಿತ್ತು, ನನಗೂ ಮನೆಗೆ ಹೋಗಬೇಕಿತ್ತು. ಮಾರನೆಯ ದಿನ ಅವರು ತಂದ ಎರಡನೆಯ ಡಬ್ಬಿಯೂ ಹಾಗೆಯೇ ಇತ್ತು. ಮೈಕ್ರೋಸ್ಕೋಪಿನಲ್ಲಿ ನೂರು ಫೀಲ್ಡ್ (ಮಸೂರದಲ್ಲಿ ಒಂದು ಸಲಕ್ಕೆ ಕಾಣುವಷ್ಟು ಜಾಗವೇ ಒಂದು ಫೀಲ್ಡ್) ನೋಡಿ ‘ನೆಗೆಟಿವ್’ ಎಂದು ಬರೆದೆ. ಎರಡು ತಿಂಗಳ ಮೇಲೆ ಮಗಳ ಹೆಗಲು ಹಿಡಿದುಕೊಂಡು ಬಂದರು. ಈ ಸಲ ಎದೆಯ ಕಫವೇ ಇತ್ತು, ವರದಿ ಮೂರು ಪ್ಲಸ್, ಅಂದರೆ ರೋಗಾಣು ಅತಿ ಹೆಚ್ಚು. ಹಳೆಯ ಸ್ಲೈಡುಗಳನ್ನು ಮರುಪರಿಶೀಲನೆಗಾಗಿ ಪೆಟ್ಟಿಗೆಯಲ್ಲಿ ಕ್ರಮವಾಗಿ ಇಟ್ಟಿರುತ್ತೇವೆ. ಆ ರಾತ್ರಿ ಅವರ ಹಳೆಯ ಸ್ಲೈಡ್ ತೆಗೆದು ಮತ್ತೆ ಇನ್ನೂರು ಫೀಲ್ಡ್ ನೋಡಿದೆ. ಕ್ಷಯದ ರೋಗಾಣುವಿನ ಒಂದೇ ಒಂದು ಕೆಂಪು ಕಡ್ಡಿ ಕಾಣಲಿಲ್ಲ. ಕಂಡದ್ದು ಬಾಯಿಯ ಒಳಗೋಡೆಯಿಂದ ಉದುರಿದ ಅಗಲವಾದ, ಚಪ್ಪಟೆ ಕೋಶಗಳು ಮಾತ್ರ. ನನ್ನ ಓದು ಸರಿಯಾಗಿತ್ತು, ನಾನು ಓದಿದ ವಸ್ತು ತಪ್ಪಾಗಿತ್ತು. ಮೇಲಿನವರು ಬಂದು ಸ್ಲೈಡ್ ಮರುಪರಿಶೀಲಿಸಿದ್ದರೂ ನನ್ನನ್ನು ತಪ್ಪಿತಸ್ಥೆ ಎನ್ನಲು ಸಾಧ್ಯವಿರಲಿಲ್ಲ. ಆ ಎರಡು ತಿಂಗಳು ಅವರು ಒಂದೇ ಕೋಣೆಯ ಮನೆಯಲ್ಲಿ ಮೊಮ್ಮಕ್ಕಳ ಜೊತೆ ಮಲಗಿದ್ದರು.

ಹೆಂಗಸರ ವಿಷಯದಲ್ಲಿ ಇದು ಇನ್ನೂ ಕಷ್ಟ. ನಾಲ್ಕು ಜನರ ಎದುರು ಖ್ಯಾಕರಿಸುವುದು ಅಸಹ್ಯವೆಂದು ಚಿಕ್ಕಂದಿನಿಂದ ಕಲಿತವರು ಗಂಟಲಿನಲ್ಲಿಯೇ ಕೆಮ್ಮಿ, ಸೆರಗಿನ ಮರೆಯಲ್ಲಿ ಸ್ವಲ್ಪ ಉಗುಳು ಹಾಕಿ ಡಬ್ಬಿ ಮುಚ್ಚುತ್ತಾರೆ. ಪಾಕಿಸ್ತಾನದ ರಾವಲ್ಪಿಂಡಿಯಲ್ಲಿ ನಡೆದು 2007ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಕಫ ಕೊಡುವ ಬಗೆಯನ್ನು ಕೆಲವೇ ನಿಮಿಷ ವಿವರಿಸಿ ಹೇಳಿದ ಮಹಿಳೆಯರಲ್ಲಿ ಶೇ. 13ರಷ್ಟು ಮಂದಿಗೆ, ಹಾಗೆ ಹೇಳದೆ ಡಬ್ಬಿ ಮಾತ್ರ ಕೊಟ್ಟ ಮಹಿಳೆಯರಲ್ಲಿ ಶೇ. 8ರಷ್ಟು ಮಂದಿಗೆ ಕ್ಷಯ ಪತ್ತೆಯಾಗಿತ್ತು. ಗಂಡಸರಲ್ಲಿ ಅಂಥ ವ್ಯತ್ಯಾಸ ಕಂಡಿರಲಿಲ್ಲ. ಹೊಸ ಯಂತ್ರವಿಲ್ಲ, ಹೊಸ ರಾಸಾಯನಿಕವಿಲ್ಲ, ಬರೀ ಮಾತು. ಅದನ್ನು ಓದಿದ ದಿನದಿಂದ ಹೆಂಗಸರು ಬಂದರೆ ಬಯಲಿನಲ್ಲಿರುವ ಗಂಡಸರನ್ನು ಆಚೆ ಕಳಿಸಿ, ಬಾವಿಯ ಹಿಂದಿನ ಮರೆಗೆ ಕರೆದುಕೊಂಡು ಹೋಗುತ್ತೇನೆ.

ನಮ್ಮ ಜಿಲ್ಲೆಗೇ ವಿಶೇಷವಾದ ತೊಡಕೊಂದಿದೆ: ಕವಳ. ಕರಾವಳಿಯಲ್ಲಾಗಲಿ ಘಟ್ಟದ ಮೇಲಿನ ಶಿರಸಿ, ಸಿದ್ದಾಪುರದಲ್ಲಾಗಲಿ ಎಲೆ, ಅಡಿಕೆ, ಸುಣ್ಣ, ಹೊಗೆಸೊಪ್ಪು ಇಲ್ಲದೆ ದಿನ ಕಳೆಯದವರು ಬಹಳ. ಕವಳ ಹಾಕಿದ ಬಾಯಿಂದ ಬಂದ ಕಫ ಕೆಂಪಾಗಿರುತ್ತದೆ. ರಕ್ತ ಬಿತ್ತೆಂದು ಅತ್ತುಕೊಂಡು ಬಂದ ಮನೆಯವರಿಗೆ ಅದರಲ್ಲಿ ತೇಲುತ್ತಿದ್ದ ಅಡಿಕೆಯ ಚೂರನ್ನು ತೋರಿಸಿ ಸಮಾಧಾನ ಮಾಡಿದ್ದೂ ಇದೆ. ಇದಕ್ಕೆ ಉಲ್ಟಾ ಆದ ಪ್ರಸಂಗ ಹೆಚ್ಚು ಕೆಟ್ಟದ್ದು. ಕೆಮ್ಮಿದಾಗ ಕೆಂಪು ಬಿದ್ದರೂ “ಅದು ಕವಳದ್ದು” ಎಂದು ತಿಂಗಳುಗಟ್ಟಲೆ ಹೆಂಡತಿಯನ್ನೂ ತನ್ನನ್ನೂ ನಂಬಿಸಿಕೊಂಡು ಬಂದವರನ್ನು ನಾನು ಕಂಡಿದ್ದೇನೆ. ಆದ್ದರಿಂದ ಬೆಳಗಿನ ಡಬ್ಬಿ ಕೊಡುವಾಗ ಚಹಾಕ್ಕಿಂತ ಮೊದಲು, ಕವಳಕ್ಕಿಂತ ಮೊದಲು ಎಂದು ಎರಡೆರಡು ಬಾರಿ ಹೇಳುತ್ತೇನೆ. ಮೊದಲನೆಯದನ್ನು ಜನ ಪಾಲಿಸುತ್ತಾರೆ.

ಡಬ್ಬಿ ಒಳಗೆ ಬಂದ ಮೇಲಿನ ಕೆಲಸ ಹೊರಗಿನವರಿಗೆ ನಿಗೂಢವಾಗಿ ಕಂಡರೂ ಅಡುಗೆಮನೆಯ ಕೆಲಸಕ್ಕಿಂತ ಬಹಳ ದೂರದ್ದಲ್ಲ. ಕಸಬರಿಗೆಯ ಕಡ್ಡಿಯನ್ನು ಮುರಿದು, ಅದರ ತುದಿಯಿಂದ ಕಫದ ಅತ್ಯಂತ ದಪ್ಪನೆಯ, ಕೀವಿನಂಥ ಭಾಗವನ್ನು ಆರಿಸಿ ತೆಗೆಯುತ್ತೇವೆ. ಲೋಹದ ತಂತಿಗಿಂತ ಕಡ್ಡಿಯ ಒರಟು ತುದಿ ಲೋಳೆಯನ್ನು ಚೆನ್ನಾಗಿ ಹಿಡಿಯುತ್ತದೆ, ಕೆಲಸ ಮುಗಿದ ಮೇಲೆ ಫಿನಾಲ್ ದ್ರಾವಣಕ್ಕೆ ಹಾಕಿ ಬಿಟ್ಟುಬಿಡಬಹುದು. ಹೊಸ ಸ್ಲೈಡಿನ ಮೇಲೆ ಸುಮಾರು ಮೂರು ಸೆಂಟಿಮೀಟರ್ ಉದ್ದ, ಎರಡು ಸೆಂಟಿಮೀಟರ್ ಅಗಲಕ್ಕೆ ಅದನ್ನು ಸುತ್ತಿ ಸುತ್ತಿ ಹರಡಬೇಕು. ಹಿಡಿದು ನೋಡಿದರೆ ಕೆಳಗಿರುವ ಪತ್ರಿಕೆಯ ಅಕ್ಷರ ಮಸುಕಾಗಿ ಕಾಣುವಷ್ಟು ತೆಳುವಾಗಿರಬೇಕು. ದಪ್ಪವಾದರೆ ತೊಳೆಯುವಾಗ ಎದ್ದು ಹೋಗುತ್ತದೆ, ತೀರಾ ತೆಳುವಾದರೆ ನೋಡಲು ಏನೂ ಉಳಿಯುವುದಿಲ್ಲ. ಒಣಗಿದ ಮೇಲೆ ಸ್ಪಿರಿಟ್ ದೀಪದ ಉರಿಯ ಮೇಲೆ ಮೂರ್ನಾಲ್ಕು ಸಲ ಹಾಯಿಸಬೇಕು. ಜುಲೈ ತಿಂಗಳಲ್ಲಿ ಈ ‘ಒಣಗಿದ ಮೇಲೆ’ ಎಂಬ ಎರಡು ಪದ ನಮ್ಮ ತಾಳ್ಮೆಯನ್ನೇ ಪರೀಕ್ಷಿಸುತ್ತವೆ. ಬಟ್ಟೆ ಒಣಗದ ಊರಿನಲ್ಲಿ ಸ್ಲೈಡ್ ಒಣಗುವುದೆಂತು?

ಆಮೇಲೆ ಬಣ್ಣ. ರಾಬರ್ಟ್ ಕಾಖ್ 1882ರ ಮಾರ್ಚ್ 24ರಂದು ಬರ್ಲಿನ್ನಿನಲ್ಲಿ ಕ್ಷಯದ ರೋಗಾಣುವನ್ನು ಲೋಕಕ್ಕೆ ತೋರಿಸಿದಾಗ ಅವರಿಗೆ ಎದುರಾಗಿದ್ದ ದೊಡ್ಡ ತೊಂದರೆಯೆಂದರೆ ಅದು ಸುಲಭಕ್ಕೆ ಬಣ್ಣ ಹಿಡಿಯದಿರುವುದು. ಅದರ ಮೈಮೇಲೆ ಮೇಣದಂಥ ಹೊದಿಕೆ ಇದೆ. ಜರ್ಮನಿಯವರೇ ಆದ ಝೀಲ್ ಮತ್ತು ನೀಲ್ಸನ್ ಅದೇ ವರ್ಷದಲ್ಲೂ ಮುಂದಿನ ವರ್ಷದಲ್ಲೂ ಪದ್ಧತಿಯನ್ನು ತಿದ್ದಿ ತೀಡಿದರು. ಇಂದಿಗೂ ನಾವು ಮಾಡುವುದು ಅವರ ಹೆಸರಿನ ಪದ್ಧತಿಯನ್ನೇ. ಸ್ಲೈಡಿನ ತುಂಬ ಕಾರ್ಬಾಲ್ ಫುಕ್ಸಿನ್ ಎಂಬ ಕೆಂಪು ಬಣ್ಣ ಸುರಿದು, ಕೆಳಗಿನಿಂದ ಉರಿ ತೋರಿಸಿ, ಆವಿ ಏಳುವವರೆಗೆ ಕಾಯಿಸಬೇಕು. ಆವಿ ಏಳಬೇಕು, ಕುದಿ ಬರಬಾರದು. ಬಿಸಿಗೆ ಮೇಣ ಮೆದುವಾಗಿ ಬಣ್ಣ ಒಳಗಿಳಿಯುತ್ತದೆ, ತಣ್ಣಗಾದಾಗ ಒಳಗೇ ಸಿಕ್ಕಿಕೊಳ್ಳುತ್ತದೆ. ಐದು ನಿಮಿಷ ಬಿಟ್ಟು ತೊಳೆದು, ಶೇ. 25ರ ಸಲ್ಫ್ಯೂರಿಕ್ ಆಮ್ಲ ಹಾಕಿದರೆ ಉಳಿದೆಲ್ಲವೂ ಕೆಂಪನ್ನು ಬಿಟ್ಟುಕೊಡುತ್ತದೆ, ಕ್ಷಯದ ರೋಗಾಣು ಬಿಡುವುದಿಲ್ಲ. ಕೊನೆಗೆ ಮಿಥಿಲೀನ್ ಬ್ಲೂ ಹಾಕಿ ಹಿನ್ನೆಲೆಯನ್ನು ನೀಲಿ ಮಾಡುತ್ತೇವೆ. ಎಣ್ಣೆಯ ಹನಿ ಹಾಕಿ ನೂರು ಪಟ್ಟಿನ ಮಸೂರ ಇಳಿಸಿದಾಗ, ನೀಲಿಯ ನಡುವೆ, ಸ್ವಲ್ಪ ಬಾಗಿದ, ಅಲ್ಲಲ್ಲಿ ಮಣಿ ಪೋಣಿಸಿದಂತಿರುವ ಸಣ್ಣ ಕೆಂಪು ಕಡ್ಡಿಗಳು ಕಾಣುತ್ತವೆ. ಒಂಟಿಯಾಗಿರುತ್ತವೆ, ಇಲ್ಲವೆ ಎರಡು ಮೂರು ಒಂದಕ್ಕೊಂದು ಒರಗಿರುತ್ತವೆ. ಇಷ್ಟು ವರ್ಷವಾದರೂ ಮೊದಲ ಕಡ್ಡಿ ಕಣ್ಣಿಗೆ ಬಿದ್ದಾಗ ನಾನು ಒಂದು ಕ್ಷಣ ಕಣ್ಣು ತೆಗೆದು, ಫಾರ್ಮಿನ ಮೇಲಿನ ಹೆಸರನ್ನು ನೋಡುತ್ತೇನೆ.

ಎಣಿಕೆಗೂ ಲೆಕ್ಕವಿದೆ. ಪ್ರತಿ ಫೀಲ್ಡಿನಲ್ಲಿ ಹತ್ತಕ್ಕಿಂತ ಹೆಚ್ಚು ಕಂಡರೆ ಮೂರು ಪ್ಲಸ್, ಇಪ್ಪತ್ತು ಫೀಲ್ಡ್ ನೋಡಿದರೆ ಸಾಕು. ಒಂದರಿಂದ ಹತ್ತು ಕಂಡರೆ ಎರಡು ಪ್ಲಸ್, ಅದಕ್ಕೆ ಐವತ್ತು ಫೀಲ್ಡ್. ನೂರು ಫೀಲ್ಡಿನಲ್ಲಿ ಹತ್ತರಿಂದ ತೊಂಬತ್ತೊಂಬತ್ತು ಸಿಕ್ಕರೆ ಒಂದು ಪ್ಲಸ್; ಒಂಬತ್ತಕ್ಕಿಂತ ಹೆಚ್ಚು ಸಿಗದಿದ್ದರೆ ‘ಸ್ಕ್ಯಾಂಟಿ’ ಎಂದು ಬರೆದು ಸಿಕ್ಕಷ್ಟೇ ಸಂಖ್ಯೆಯನ್ನು ನಮೂದಿಸಬೇಕು. ಅಂದರೆ ರೋಗ ಹೆಚ್ಚಿದ್ದಷ್ಟೂ ನಮ್ಮ ಕೆಲಸ ಬೇಗ ಮುಗಿಯುತ್ತದೆ. ನೆಗೆಟಿವ್ ಎನ್ನಲು ನೂರು ಫೀಲ್ಡನ್ನೂ ನೋಡಲೇಬೇಕು. ಸಂಜೆ ನಾಲ್ಕರ ಹೊತ್ತಿಗೆ, ಇಪ್ಪತ್ತನೆಯ ಸ್ಲೈಡಿನ ಅರವತ್ತನೆಯ ಫೀಲ್ಡಿನಲ್ಲಿ ಕಣ್ಣು ಏನು ಬಯಸುತ್ತದೆ ಎಂದು ಈ ಕೆಲಸ ಮಾಡಿದವರನ್ನೇ ಕೇಳಬೇಕು. ಅದರ ಮೇಲೆ ಮಳೆಗಾಲದಲ್ಲಿ ಮಸೂರಕ್ಕೆ ಬೂಷ್ಟು ಹಿಡಿಯುತ್ತದೆ. ಮೈಕ್ರೋಸ್ಕೋಪನ್ನು ಇಡುವ ಕಪಾಟಿನೊಳಗೆ ರಾತ್ರಿಯೆಲ್ಲ ಬಲ್ಬು ಉರಿಸುತ್ತೇವೆ. ಕರೆಂಟು ಹೋದ ವಾರ ಆ ಉಪಾಯವೂ ಇಲ್ಲ.

ಒಂದು ಮಿಲಿಲೀಟರ್ ಕಫದಲ್ಲಿ ಸುಮಾರು 5,000ದಿಂದ 10,000 ರೋಗಾಣುಗಳಿದ್ದರೆ ಮಾತ್ರ ಸ್ಲೈಡಿನಲ್ಲಿ ಅವು ಕಣ್ಣಿಗೆ ಬೀಳುತ್ತವೆ. ಅದಕ್ಕಿಂತ ಕಡಿಮೆ ಇದ್ದವರಿಗೂ ರೋಗವಿರುತ್ತದೆ, ನಮ್ಮ ವರದಿ ನೆಗೆಟಿವ್ ಎನ್ನುತ್ತದೆ. ಈ ಕಾರಣಕ್ಕೆ ಬಂದವು ಸಿಬಿನಾಟ್ ಮತ್ತು ಟ್ರೂನ್ಯಾಟ್ ಯಂತ್ರಗಳು. ಇವು ರೋಗಾಣುವನ್ನು ನೋಡುವುದಿಲ್ಲ, ಅದರ ಡಿಎನ್‌ಎಯನ್ನು ಪ್ರತಿಮಾಡಿ ಹೆಚ್ಚಿಸಿ ಗುರುತಿಸುತ್ತವೆ. ಮಿಲಿಲೀಟರಿಗೆ ನೂರಿನ್ನೂರು ರೋಗಾಣು ಇದ್ದರೂ ಹಿಡಿಯಬಲ್ಲವು. ಎರಡು ಗಂಟೆಯ ಆಸುಪಾಸಿನಲ್ಲಿ ಫಲಿತಾಂಶ ಬರುತ್ತದೆ, ರಿಫಾಂಪಿಸಿನ್ ಎಂಬ ಮುಖ್ಯ ಔಷಧಕ್ಕೆ ರೋಗಾಣು ಬಗ್ಗುತ್ತದೆಯೋ ಇಲ್ಲವೋ ಎಂಬುದೂ ತಿಳಿಯುತ್ತದೆ. ಟ್ರೂನ್ಯಾಟ್ ನಮ್ಮ ನೆರೆಯದ್ದೇ. ಕಾಳಿ ನದಿ ದಾಟಿ, ಮಾಜಾಳಿಯ ಗಡಿ ಕಳೆದರೆ ಸಿಗುವ ಗೋವಾದ ಮೋಲ್ಬಿಯೋ ಕಂಪನಿಯದು. ಬ್ಯಾಟರಿಯ ಮೇಲೂ ನಡೆಯುವುದರಿಂದ ಗಾಳಿಮಳೆಗೆ ಕಂಬ ಬೀಳುವ ಊರುಗಳಿಗೆ ಹೇಳಿ ಮಾಡಿಸಿದಂತಿದೆ. ವಿಶ್ವ ಆರೋಗ್ಯ ಸಂಸ್ಥೆ ಇದಕ್ಕೆ 2020ರಲ್ಲಿ ಮನ್ನಣೆ ಕೊಟ್ಟಿತು.

ಯಂತ್ರ ಬಂದ ಮೇಲೆ ನಮ್ಮ ಬಯಲಿನ ಕೆಲಸ ಮುಗಿಯಿತೆಂದು ಒಬ್ಬ ಸಹೋದ್ಯೋಗಿ ಹೇಳಿದ್ದರು. ಒಪ್ಪಲಾರೆ. ಉಗುಳು ಹಾಕಿದರೆ ಯಂತ್ರ ಉಗುಳನ್ನೇ ಪರೀಕ್ಷಿಸುತ್ತದೆ, ಮತ್ತು ಅದರ ‘ಇಲ್ಲ’ ಎಂಬ ಉತ್ತರವನ್ನು ಜನ ನನ್ನ ‘ಇಲ್ಲ’ಕ್ಕಿಂತ ಹೆಚ್ಚು ನಂಬುತ್ತಾರೆ. ಇನ್ನೊಂದು ವಿಷಯವೂ ಇದೆ. ಸತ್ತ ರೋಗಾಣುವಿನ ಡಿಎನ್‌ಎಯೂ ಯಂತ್ರಕ್ಕೆ ಡಿಎನ್‌ಎಯೇ. ಔಷಧ ಕೆಲಸ ಮಾಡುತ್ತಿದೆಯೇ ಎಂದು ತಿಳಿಯಲು ಅದರಿಂದ ಆಗುವುದಿಲ್ಲ, ಆಗ ಸ್ಲೈಡಿಗೋ, ರೋಗಾಣುವನ್ನು ಬೆಳೆಸಿ ನೋಡುವ ಕಲ್ಚರಿಗೋ ಬರಲೇಬೇಕು. ಕಲ್ಚರ್ ಅಂತೂ ತಾಳ್ಮೆಯ ಪರಮಾವಧಿ: ಕೋಳಿಮೊಟ್ಟೆಯಿಂದ ಮಾಡಿದ, ಮ್ಯಾಲಕೈಟ್ ಗ್ರೀನ್ ಹಾಕಿ ಹಸಿರಾದ ಮಾಧ್ಯಮದ ಮೇಲೆ ಎಂಟು ವಾರದವರೆಗೆ ಕಾಯಬೇಕು. ಸಾಮಾನ್ಯ ಬ್ಯಾಕ್ಟೀರಿಯಾ ಇಪ್ಪತ್ತು ನಿಮಿಷಕ್ಕೊಮ್ಮೆ ಇಬ್ಭಾಗವಾದರೆ ಇದಕ್ಕೆ ಹತ್ತಿರ ಹತ್ತಿರ ಒಂದು ದಿನ ಬೇಕು. ಅಂಥ ಮಾದರಿಗಳನ್ನು ತಂಪು ಪೆಟ್ಟಿಗೆಯಲ್ಲಿಟ್ಟು ಹೊರಗೆ ಕಳಿಸುತ್ತೇವೆ. 2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಮುಚ್ಚಿದಾಗ ನಮ್ಮ ಫ್ರಿಜ್ಜಿನಲ್ಲಿ ಮೂರು ಡಬ್ಬಿಗಳಿದ್ದವು. ಅಷ್ಟು ಜನ ಮಣ್ಣಿನಡಿಗೆ ಹೋದ ದಿನಗಳಲ್ಲಿ ಮೂರು ಡಬ್ಬಿಯ ಚಿಂತೆ ಮಾಡುವುದಕ್ಕೂ ನಾಚಿಕೆಯಾಗುತ್ತಿತ್ತು, ಆದರೂ ಮಾಡುತ್ತಿದ್ದೆ.

ಎದೆಯ ಸೋಂಕೆಂದರೆ ಕ್ಷಯವೊಂದೇ ಅಲ್ಲ. ನ್ಯುಮೋನಿಯಾ ಎಂದು ಅನುಮಾನವಿದ್ದಾಗ ಕಫಕ್ಕೆ ಗ್ರಾಂ ಬಣ್ಣ ಹಾಕುತ್ತೇವೆ. ಡೆನ್ಮಾರ್ಕಿನ ಹಾನ್ಸ್ ಕ್ರಿಶ್ಚಿಯನ್ ಗ್ರಾಂ 1884ರಲ್ಲಿ ಈ ಪದ್ಧತಿಯನ್ನು ಪ್ರಕಟಿಸಿದ್ದೂ ಬರ್ಲಿನ್ನಿನಲ್ಲಿ, ನ್ಯುಮೋನಿಯಾದಿಂದ ಸತ್ತವರ ಶ್ವಾಸಕೋಶವನ್ನು ಪರೀಕ್ಷಿಸುತ್ತಿದ್ದಾಗ. ಇಲ್ಲಿ ಮಾದರಿಯ ಮೇಲೆ ನಮ್ಮ ಕಟ್ಟುನಿಟ್ಟು ಇನ್ನೂ ಹೆಚ್ಚು. ಕಡಿಮೆ ಪಟ್ಟಿನ ಮಸೂರದಲ್ಲಿ ಒಂದು ಫೀಲ್ಡಿಗೆ ಕೀವುಕಣಗಳು ಇಪ್ಪತ್ತೈದಕ್ಕಿಂತ ಹೆಚ್ಚು, ಬಾಯಿಯ ಚಪ್ಪಟೆ ಕೋಶಗಳು ಹತ್ತಕ್ಕಿಂತ ಕಡಿಮೆ ಇದ್ದರೆ ಅದು ಒಳ್ಳೆಯ ಕಫ. ಕ್ಷಯಕ್ಕಾದರೆ ಉಗುಳು ಬಂದರೂ ಎಸೆಯದೆ ನೋಡಿ, ಇನ್ನೊಂದು ಮಾದರಿ ಕೇಳುತ್ತೇವೆ. ಕೆಂಪು ಕಡ್ಡಿ ಕಂಡರೆ ಅದು ಬಾಯಿಯದ್ದಲ್ಲ ಎಂಬುದು ಬಹುಮಟ್ಟಿಗೆ ಖಚಿತ. ನ್ಯುಮೋನಿಯಾದ ಕಲ್ಚರಿಗೆ ಉಗುಳು ಹಾಕಿದರೆ ಬಾಯಿಯ ಬ್ಯಾಕ್ಟೀರಿಯಾಗಳೇ ತಟ್ಟೆ ತುಂಬ ಬೆಳೆದು, ವೈದ್ಯರು ಇಲ್ಲದ ಶತ್ರುವಿಗೆ ಔಷಧ ಬರೆಯುವಂತಾಗುತ್ತದೆ. ಮಾದರಿ ವಾಪಸು ಕಳಿಸಿದ್ದಕ್ಕೆ ಸಿಟ್ಟಾಗಿ ಬಂದ ಯುವ ವೈದ್ಯರೊಬ್ಬರನ್ನು ನಾನು ಮೈಕ್ರೋಸ್ಕೋಪಿನ ಮುಂದೆ ಕೂರಿಸಿ ಆ ಚಪ್ಪಟೆ ಕೋಶಗಳನ್ನು ತೋರಿಸಿದ್ದೆ. ಮರುದಿನ ವಾರ್ಡಿನಿಂದ ಬಂದದ್ದು ಅಪ್ಪಟ ಕಫ.

ಮಳೆಗಾಲದ ಗದ್ದೆಯ ಕೆಸರಿನಿಂದ ಬರುವ ಮೆಲಿಯಾಯ್ಡೋಸಿಸ್ ನಮ್ಮ ಕರಾವಳಿಗೆ ಅಪರಿಚಿತವಲ್ಲ, ಅದರ ಹೆಸರು ಮಾತ್ರ ಅಪರಿಚಿತ. 1911ರಲ್ಲಿ ರಂಗೂನಿನಲ್ಲಿ ವಿಟ್ಮೋರ್ ಮತ್ತು ಕೃಷ್ಣಸ್ವಾಮಿ ಗುರುತಿಸಿದ ಈ ರೋಗ ಸಕ್ಕರೆ ಕಾಯಿಲೆ ಇದ್ದವರನ್ನು ಹೆಚ್ಚು ಹಿಡಿಯುತ್ತದೆ. ಜ್ವರ, ಕೆಮ್ಮು, ತೂಕ ಇಳಿಯುವುದು, ಎಕ್ಸ್‌ರೇಯಲ್ಲಿ ಮೇಲ್ಭಾಗದ ಕಲೆ, ಎಲ್ಲವೂ ಕ್ಷಯದ ಹಾಗೆಯೇ. ಕ್ಷಯದ ಮಾತ್ರೆ ಇದಕ್ಕೆ ನಾಟುವುದಿಲ್ಲ. ಕಲ್ಚರ್ ತಟ್ಟೆಯಲ್ಲಿ ಬೆಳೆದರೂ, ನೋಡುವವರಿಗೆ ಇದರ ನೆನಪಿಲ್ಲದಿದ್ದರೆ ಹೊರಗಿನಿಂದ ಸೇರಿದ ಕಸವೆಂದು ತಟ್ಟೆ ಕಸದ ಬುಟ್ಟಿಗೆ ಹೋಗುವ ಸಾಧ್ಯತೆಯಿದೆ. ಆದ್ದರಿಂದ ಕ್ಷಯಕ್ಕೆ ಮತ್ತೆ ಮತ್ತೆ ನೆಗೆಟಿವ್ ಬಂದ, ಸಕ್ಕರೆ ಕಾಯಿಲೆಯ ಗದ್ದೆ ಕೆಲಸಗಾರರ ಮಾದರಿಯನ್ನು ದೊಡ್ಡ ಲ್ಯಾಬಿಗೆ ಕಳಿಸುವಾಗ ಫಾರ್ಮಿನ ಮೇಲೆ ‘ನಾಟಿ ಕೆಲಸ, ಶುಗರ್ ಇದೆ’ ಎಂದು ಬರೆದು ಕಳಿಸುತ್ತೇನೆ. ಫಾರ್ಮಿನಲ್ಲಿ ಅದಕ್ಕೆ ಜಾಗವಿಲ್ಲ, ಅಂಚಿನಲ್ಲಿ ಬರೆಯುತ್ತೇನೆ.

ತದಡಿಯ ಅಜ್ಜನ ಸ್ಲೈಡಿನಲ್ಲಿ ಅವತ್ತು ಎರಡು ಪ್ಲಸ್ ಬಂದಿತ್ತು. ಯಂತ್ರ ಔಷಧಕ್ಕೆ ಬಗ್ಗುವ ರೋಗಾಣುವೆಂದಿತು. ಮಾತ್ರೆ ಶುರುವಾಯಿತು, ಕ್ಷಯರೋಗಿಗಳ ಪೌಷ್ಟಿಕ ಆಹಾರಕ್ಕೆ ಸರ್ಕಾರ ಕೊಡುವ ನಿಕ್ಷಯ್ ಪೋಷಣ್ ಯೋಜನೆಯ ತಿಂಗಳ ಸಾವಿರ ರೂಪಾಯಿಗೆ ಬ್ಯಾಂಕ್ ಪಾಸ್‌ಬುಕ್ ಹುಡುಕಿ ತರಲು ಅವರಿಗೆ ಮಾತ್ರೆ ನುಂಗುವುದಕ್ಕಿಂತ ಹೆಚ್ಚು ತಕರಾರು. ಎರಡು ತಿಂಗಳ ಹಂತ ಮುಗಿದ ಮೇಲೆ ಮರುಪರೀಕ್ಷೆಗೆ ಬಂದರು. ಲುಂಗಿಯ ಗಂಟು ಒಂದು ಸುತ್ತು ಹೊರಗೆ ಬಂದಿತ್ತು. ಡಬ್ಬಿ ಹಿಡಿದು, ನಾನು ಹೇಳುವ ಮೊದಲೇ ಬಾಯಿ ಮುಕ್ಕಳಿಸಿ, ಬಯಲಿನಲ್ಲಿ ಗಾಳಿಯ ಬದಿ ನೋಡಿಕೊಂಡು ನಿಂತು, ಮೂರು ಸಲ ಉಸಿರೆಳೆದು ಕೆಮ್ಮಿದರು. ಮತ್ತೆ ಕೆಮ್ಮಿದರು. ಹದಿನೈದು ನಿಮಿಷದ ಮೇಲೆ ಡಬ್ಬಿ ತಂದು ಕೊಟ್ಟಾಗ ಅವರ ಮುಖದಲ್ಲಿ ಪರೀಕ್ಷೆಯಲ್ಲಿ ಫೇಲಾದ ಹುಡುಗನ ಸಂಕೋಚವಿತ್ತು.

“ಕಫವೇ ಬರೂದಿಲ್ಲ ತಂಗಿ. ಉಗುಳೇ ಬಂದದ್ದು.”

ರಿಜಿಸ್ಟರಿನಲ್ಲಿ ಮಾದರಿ ಹೇಗೆ ಕಾಣುತ್ತದೆ ಎಂದು ಬರೆಯಲು ಒಂದು ಕಾಲಂ ಇದೆ: ಕೀವುಲೋಳೆಯಾದರೆ ‘ಎಂ’, ರಕ್ತ ಬೆರೆತಿದ್ದರೆ ‘ಬಿ’, ಬರೀ ಉಗುಳಾದರೆ ‘ಎಸ್’. ಡಬ್ಬಿಯನ್ನು ಬೆಳಕಿಗೆ ಹಿಡಿದು ನೋಡಿ ‘ಎಸ್’ ಎಂದು ಬರೆದೆ, ಮತ್ತು ಕಸಬರಿಗೆಯ ಕಡ್ಡಿ ಮುರಿದುಕೊಂಡೆ.